ಗಾಜಿನ ಈಚೆ ನಿಂತವರು

ನಮ್ಮ ಪ್ರಬಂಧಕಾರರಿಗೆ ಈಚಿನ ವರ್ಷಗಳಲ್ಲಿ ಒಂದು ವಸ್ತು ಬಹಳ ಪ್ರಿಯವಾಗಿದೆ: ಬಾಲ್ಯದಲ್ಲಿ ಕಂಡ ಬೆಂಗಳೂರಿನ ಅಂಗಡಿಬೀದಿ. ಇಂಥ ಬರಹ ಕಣ್ಣಿಗೆ ಬಿದ್ದರೆ ನಾನು ಬಿಡದೆ ಓದುತ್ತೇನೆ. ಸಂಜಯನಗರದ ಮಧ್ಯಮವರ್ಗದ ಮನೆಯೊಂದರಲ್ಲಿ ಬೆಳೆದವನಿಗೆ ಅದು ಸಹಜವೇ. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ನಿಲ್ಲುವುದು ಬಹುಮಟ್ಟಿಗೆ ಅಂಗಡಿಗಳ ಹೆಸರಿನ ಪಟ್ಟಿ ಮಾತ್ರ. ಹೀಗೇಕೆ ಎಂಬುದನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ವಸ್ತುವೇನೋ ಸಣ್ಣದಲ್ಲ. ನಮ್ಮ ಗದ್ಯದಲ್ಲಿ ನೆನಪೆಂದರೆ ಬಹುಕಾಲ ಹಳ್ಳಿಯ ನೆನಪೇ ಆಗಿತ್ತು. 1930ರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಬಂದು ಆ ದಾರಿಯನ್ನು ಗಟ್ಟಿಮಾಡಿತು. ಪೇಟೆಯ ಹುಡುಗನಿಗೂ ಒಂದು ಒಳಬದುಕು ಉಂಟು ಎಂಬುದು ನಿಧಾನವಾಗಿ ಒಪ್ಪಿತವಾಯಿತು. 1960ರಲ್ಲಿ ಕೆ. ಎಸ್. ನಿಸಾರ್ ಅಹಮದ್ ತಮ್ಮ ಮೊದಲ ಕವನಸಂಕಲನಕ್ಕೆ ‘ಮನಸು ಗಾಂಧಿ ಬಜಾರು’ ಎಂದು ಹೆಸರಿಟ್ಟರು. ಅಂಗಡಿಬೀದಿಯೂ ಮನಸ್ಸಿನ ಪ್ರತಿಮೆಯಾಗಬಲ್ಲುದೆಂಬುದಕ್ಕೆ ಆ ಶೀರ್ಷಿಕೆಯೇ ಸಾಕ್ಷಿ.

ಬೆಂಗಳೂರಿನ ಬಾಲಕನಿಗೆ ಅಂಗಡಿಬೀದಿಗಳು ಎರಡು ಬಗೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಿಗೆ ಹೋಗುತ್ತಿದ್ದುದು ಕೊಳ್ಳುವುದಕ್ಕೆ. ಅಲ್ಲಿ ಸರಕನ್ನು ಮುಟ್ಟಿ ನೋಡಬಹುದು, ಚೌಕಾಸಿ ಮಾಡಬಹುದು. ದಂಡಿಗೆ ಹೋಗುತ್ತಿದ್ದುದು ನೋಡುವುದಕ್ಕೆ. ಸೌತ್ ಪೆರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. 1949ರಲ್ಲಿ ನಗರವೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಆದರೂ ನಮ್ಮ ಹಿರಿಯರ ಬಾಯಲ್ಲಿ ಅದು ದಂಡಾಗಿಯೇ ಉಳಿಯಿತು. ನಡುವೆ ಇದ್ದ ಗೆರೆ ಕಾಗದದ ಮೇಲೆ ಅಳಿಸಿತ್ತು, ಕಾಲಿಗೆ ಮಾತ್ರ ಇನ್ನೂ ತಾಕುತ್ತಿತ್ತು.

ಎಂಬತ್ತರ ದಶಕದಲ್ಲಿ ನಮ್ಮ ತಂದೆ ಆಗಾಗ ಶನಿವಾರ ಸಂಜೆ ನಮ್ಮನ್ನು ಬಿಟಿಎಸ್ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟ್ ಹಾದು ನಡಿಗೆ. ಹಿಗ್ಗಿನ್‌ಬಾಥಮ್ಸ್‌ನ ಪುಸ್ತಕಗಳು, ಪ್ಲಾಜಾದ ಚಿತ್ರಪಟಗಳು, ಬ್ರಿಗೇಡ್ ರಸ್ತೆಯ ಮೂಲೆಯಲ್ಲಿ ಕಾವೇರಿ ಎಂಪೋರಿಯಂನ ಗಂಧದ ಆನೆಗಳು. ಹೊರಡುವಾಗಲೇ ತಾಯಿ ಎಚ್ಚರಿಸುತ್ತಿದ್ದರು: “ಅದು ಬೇಕು ಇದು ಬೇಕು ಅಂತ ಅಪ್ಪನ್ನ ಪೀಡಿಸಬಾರದು. ನೋಡ್ಕೊಂಡು ಬರೋದು, ಅಷ್ಟೆ.” ಒಂದು ಸಂಜೆ ಆಟಿಕೆಯಂಗಡಿಯೊಂದರ ಗಾಜಿನೊಳಗೆ ಪುಟ್ಟ ರೈಲು ಸುತ್ತುತ್ತಿತ್ತು. ನಾನು ಏನೂ ಕೇಳಲಿಲ್ಲ. ತಂದೆಯೇ ಬಗ್ಗಿ ಬೆಲೆಚೀಟಿ ಓದಿದರು. ನೆಟ್ಟಗಾಗಿ, “ನಡಿಯಪ್ಪ, ಬಸ್ಸಿಗೆ ಹೊತ್ತಾಯ್ತು” ಎಂದರು. ಬಸ್ಸಿಗೆ ಹೊತ್ತಾಗಿರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ನಾನೂ ಈ ವಸ್ತುವಿನ ಮೇಲೆ ಒಂದು ಪ್ರಬಂಧ ಬರೆದೆ. ರೈಲಿನ ಬಣ್ಣ ಬರೆದೆ, ಬೋಗಿಗಳನ್ನು ಎಣಿಸಿದೆ. ತಂದೆಯ ಮಾತನ್ನು ಬಿಟ್ಟೆ. ನಾನು ಇತರರಲ್ಲಿ ಕಾಣುತ್ತಿರುವ ದೋಷ ಇದೇ. ಇಂದು ಕೊಳ್ಳುವ ಶಕ್ತಿ ಬಂದವನು ಅಂದಿನ ಅಂಗಡಿಯನ್ನು ತನ್ನದೆಂಬಂತೆ ನೆನೆಯುತ್ತಾನೆ. ತಾನು ಹೊರಗೆ ನಿಂತಿದ್ದನೆಂಬುದನ್ನು ಮರೆಯುತ್ತಾನೆ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ವಿಭಾವಗಳನ್ನು ಗುಡ್ಡೆಹಾಕಿದ ಮಾತ್ರಕ್ಕೆ ರಸ ಹುಟ್ಟದು, ಒಳಗೆ ನೆಲೆನಿಂತ ಭಾವ ಬೇಕು. ಇಲ್ಲಿ ನೆಲೆನಿಂತದ್ದು ಬರಿಯ ಸಂತೋಷವಲ್ಲ. ಆಸೆಯ ಜೊತೆಗೆ ಸಂಕೋಚವೂ ಇತ್ತು. ಇಂಗ್ಲಿಷಿನ ಬೋರ್ಡಿನ ಕೆಳಗೆ ಬಾಯಿ ಕಟ್ಟಿದಂತಾಗುವ ಅನುಭವವೂ ಇತ್ತು.

ಹಗುರವಾದ ಪ್ರಬಂಧದ ಮೇಲೆ ಇಷ್ಟು ಭಾರ ಹೊರಿಸಬೇಕೆ ಎಂದು ಕೇಳಬಹುದು. ಗೊರೂರರದೂ ನಗುವ ಗದ್ಯವೇ. ಆದರೂ ಅವರ ಹಳ್ಳಿಯಲ್ಲಿ ಬಡತನ ಮರೆಯಾಗುವುದಿಲ್ಲ, ಅಲ್ಲಿ ಓದುಗನಿಗೆ ಮೊದಲು ಕಾಣುವವರು ಮನುಷ್ಯರು.

ಈ ಬರಹಗಳು ಸಾಮಾನ್ಯವಾಗಿ ‘ಆ ಬೆಂಗಳೂರು ಹೋಯಿತು’ ಎಂದು ಮುಗಿಯುತ್ತವೆ. ಹೋದದ್ದು ನಿಜ. ಪ್ಲಾಜಾ 2005ರಲ್ಲಿ ಮುಚ್ಚಿತು. ಇಂಡಿಯಾ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸರಿಯಿತು. 2011ರಲ್ಲಿ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ಓಡಿತು. ಆದರೆ ಗಾಜಿನ ಈಚೆ ನಿಲ್ಲುವವರು ಹೋದರೇನು? ನಮ್ಮ ಮಗ್ಗುಲಿನ ನ್ಯೂ ಬಿಇಎಲ್ ರಸ್ತೆಯೇ ಈಗ ಉದ್ದಕ್ಕೂ ಗಾಜು. ಹೆಬ್ಬಾಳದಾಚೆ 2023ರಲ್ಲಿ ಮಾಲ್ ಆಫ್ ಏಷ್ಯಾ ತೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಾಮಫಲಕಗಳ ಕನ್ನಡಕ್ಕಾಗಿ ನಡೆದ ಪ್ರತಿಭಟನೆ ಆ ಮಾಲಿನ ಬಳಿಯೂ ಕಾಣಿಸಿಕೊಂಡಿತು. ಫಲಕ ಒಡೆದುದನ್ನು ಮೆಚ್ಚಬೇಕಾಗಿಲ್ಲ. ಆದರೆ ನಮ್ಮ ಪ್ರಬಂಧಗಳು ನಯವಾಗಿ ಮುಚ್ಚಿಟ್ಟ ಹಳೆಯ ಸಂಕೋಚವೊಂದು ಅಲ್ಲಿ ಸಿಟ್ಟಾಗಿ ಹೊರಬಂದಿತೇ ಎಂದು ನನಗೆ ಅನುಮಾನ.

ಮುಂದೆ ಈ ವಸ್ತುವನ್ನು ಕೈಗೆತ್ತಿಕೊಳ್ಳುವವರು ಅಂಗಡಿಯ ಹೆಸರನ್ನು ಮರೆತರೂ ಚಿಂತೆಯಿಲ್ಲ. ಪಕ್ಕದಲ್ಲಿ ನಿಂತಿದ್ದವರು ಯಾರು, ಅವರ ಜೇಬಿನಲ್ಲಿ ಎಷ್ಟಿತ್ತು, ಏನು ಹೇಳಿ ನಮ್ಮನ್ನು ಮನೆಗೆ ಕರೆತಂದರು ಎಂಬುದನ್ನು ಮರೆಯದಿದ್ದರೆ ಸಾಕು.