ಗರತಿಯ ಹಾಡಿನಾಗ ಗರತಿಯ ಹೆಸರೆಲ್ಲಿ?

ನಾನು ಏಳನೆಯ ಇಯತ್ತೆ ಕಲಿತವನು. ಹೊಲ, ದನ, ಭಜನಿ ಇಷ್ಟೇ ನನ್ನ ವಿದ್ಯೆ. ಒಂದು ಪುಸ್ತಕದ ಮೇಲೆ ವಿಮರ್ಶೆ ಬರೆದುಕೊಡ್ರಿ ಕಾಕಾ ಅಂತ ವಾಚನಾಲಯದ ಹುಡುಗರು ಬಂದಾಗ, "ಅದು ಗುರುಗಳ ಕೆಲಸ, ನನ್ನದಲ್ಲ" ಅಂದೆ. ಆದರೆ ಒಂದು ಪುಸ್ತಕದ ಬಗ್ಗೆ ಇಪ್ಪತ್ತೈದು ವರ್ಷದಿಂದ ಒಂದು ಮಾತು ಗಂಟಲಾಗ ಸಿಕ್ಕೊಂಡು ಕೂತೈತಿ. ಆ ಪುಸ್ತಕ 'ಗರತಿಯ ಹಾಡು'. ಓದುವ ಹಿರಿಯರು, ಗುರುಗಳು ನನ್ನ ತಪ್ಪು ತಿದ್ದಿಕೊಂಡು ಓದಬೇಕು.

ಮಾತು ಸುರುವಾದದ್ದು ಸೊಲ್ಲಾಪುರದ ನವಿ ಪೇಠದಾಗ. ಮಗಳ ಲಗ್ನದ ಜವಳಿ ತರಾಕ ನಾನು, ನನ್ನ ಹೆಂಡತಿ, ನಮ್ಮ ಅಕ್ಕ ಮೂವರೂ ಎಸ್.ಟಿ. ಗಾಡಿ ಹಿಡಿದು ಹೋಗಿದ್ದೆವು. ಅಂಗಡಿಯವ ಸೀರೆ ಬಿಚ್ಚಿ ಬಿಚ್ಚಿ ತೋರಸತಿದ್ದ. ಹಿಂದೆ ಟೇಪಿನ ಮೇಲೆ ಒಂದು ಕನ್ನಡ ಹಾಡು ಹಚ್ಚಿದ್ದರು. ಅಕ್ಕನ ಕೈ ಸೀರೆಯ ಮೇಲೆ ಇದ್ದಲ್ಲೇ ನಿಂತಿತು. "ತಮ್ಮಾ, ಇದು ಅವ್ವನ ಹಾಡಲ್ಲೇನೋ?" ಅಂದಳು. ಹೌದು, ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಹಾಡೇ. ಮುಂದೆ ತಬಲಾ, ಕೀಬೋರ್ಡು, ಹಿಂದೆ ನಾಕೈದು ಹುಡುಗಿಯರ ಧ್ವನಿ ಸೇರಿ ಅದು ಲಗ್ನದ ಮೆರವಣಿಗೆಯಂಗ ಓಡತಿತ್ತು. ನಾನು ಕ್ಯಾಸೆಟ್ಟಿನ ಡಬ್ಬಿ ಕೇಳಿ ನೋಡಿದೆ. ಹೆಸರಾದ ನಾಲ್ಕು ಮಂದಿ ಗಾಯಕರು ಕೂಡಿ ಹಾಡಿದ ಆಯ್ದ ಹಾಡುಗಳ ಕ್ಯಾಸೆಟ್ಟು ಅದು. ಹಾಡಿದವರ ಹೆಸರು ಇತ್ತು, ಸಂಗೀತ ಕೂಡಿಸಿದವರದು ಇತ್ತು, ತಬಲಾ ಬಾರಿಸಿದವರದೂ ಇತ್ತು. ಕಟ್ಟಕಡೆಗೆ ಸಣ್ಣ ಅಕ್ಷರದಾಗ 'ಸಾಹಿತ್ಯ: ಜನಪದ' ಅಂತ ಬರೆದಿದ್ದರು.

ಊರಿಗೆ ಬಂದು ನಮ್ಮ ಶಾಲೆಯ ಗುರುಗಳ ಮುಂದೆ ಈ ಸುದ್ದಿ ಹೇಳಿದೆ. ಅವರು ನಕ್ಕು, ಕಪಾಟಿನಿಂದ ಒಂದು ಪುಸ್ತಕ ತೆಗೆದು ಕೈಯಾಗ ಇಟ್ಟರು. "ನಿಮ್ಮವ್ವನ ಹಾಡು 1931ರಾಗೇ ಅಚ್ಚಾಗೇತಿ, ತೊಗೊ" ಅಂದರು. ನಾನು 'ಗರತಿಯ ಹಾಡು' ಮೊದಲು ಕಂಡದ್ದು ಹಾಗೆ.

ಈ ಪುಸ್ತಕ ಮಾಡಿದವರು ಹಲಸಂಗಿ ಗೆಳೆಯರು. ಹಲಸಂಗಿ ನಮಗೆ ದೂರದ ಊರಲ್ಲ. ಭೀಮಾ ದಾಟಿದರೆ ಆ ಕಡೆ ವಿಜಾಪುರ ಸೀಮೆ. ಆಗಿನ ಇಂಡಿ ತಾಲೂಕಿನ ಹಳ್ಳಿ ಅದು. ಮಧುರಚೆನ್ನ ಅಂತ ಹೆಸರಾದ ಚನ್ನಮಲ್ಲಪ್ಪ ಗಲಗಲಿ, ಚಡಚಣದಾಗ ಹುಟ್ಟಿದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ, ಇವರೆಲ್ಲ ಒಂದು ಹಳ್ಳಿಯಾಗ ಕೂಡಿದರು. ಪುಸ್ತಕ ಬಂದಾಗ ಮಧುರಚೆನ್ನರಿಗೆ ಇಪ್ಪತ್ತೆಂಟು, ಲಿಂಗಣ್ಣನವರಿಗೆ ಇಪ್ಪತ್ತಾರು. ಇಂದು ಆ ವಯಸ್ಸಿನ ಹುಡುಗರು ಪುಣೆಗೆ ನೌಕರಿ ಹುಡುಕಿಕೊಂಡು ಹೋಗತಾರ. ಅವರು ಬೀಸುಕಲ್ಲಿನ ಹಾಡು ಹುಡುಕಿಕೊಂಡು ಹೋದರು. 1931ಕ್ಕೆ 'ಗರತಿಯ ಹಾಡು', 1933ಕ್ಕೆ ಲಾವಣಿಗಳ 'ಜೀವನ ಸಂಗೀತ', 1935ಕ್ಕೆ 'ಮಲ್ಲಿಗೆ ದಂಡೆ' ಬಂದವು. ಐದು ವರ್ಷದೊಳಗೆ ಮೂರು ರಾಶಿ ಮಾಡಿದರು.

ಇನ್ನೊಂದು ಮಾತು ನೆನಪಿಡಬೇಕು. ಆಗ ಈ ದಂಡೆಗೂ ಆ ದಂಡೆಗೂ ನಡುವೆ ರಾಜ್ಯದ ಗಡಿ ಇರಲಿಲ್ಲ. ವಿಜಾಪುರ, ಸೊಲ್ಲಾಪುರ ಎರಡೂ ಜಿಲ್ಲೆ ಮುಂಬಯಿ ಪ್ರಾಂತದಾಗೇ ಇದ್ದವು. ಅಕ್ಕಲಕೋಟೆ ಸಂಸ್ಥಾನವಾಗಿತ್ತು. 1956ರಾಗ ರಾಜ್ಯಗಳು ಬೇರೆ ಬೇರೆ ಆದ ಮೇಲೆ ಅವರು ಆ ಕಡೆ, ನಾವು ಈ ಕಡೆ ಆದೆವು. ಆದರೆ ಹೆಣ್ಣು ಕೊಡೂದು ತರೂದು ನಿಲ್ಲಲಿಲ್ಲ. ಸೊಸಿ ಬಂದಳಂದರೆ ಹಾಡೂ ಬಂತು. ಅದಕ್ಕೇ ಹಲಸಂಗಿಯ ಪುಸ್ತಕದಾಗ ನಮ್ಮವ್ವನ ಹಾಡು ಸಿಕ್ಕಿತು. ಅದು ನಮ್ಮ ಪುಸ್ತಕವೂ ಹೌದು.

ಇನ್ನ ಪುಸ್ತಕದ ಗುಣ ಹೇಳತೀನಿ. ಬೀಸೂದು, ಕುಟ್ಟೂದು, ಕೂಸು ತೂಗೂದು, ಇವೆಲ್ಲ ಹೆಂಗಸರ ದಗದ. ಆ ಹಾಡಿಗೆ ಬೆಲೆ ಕಟ್ಟಬೇಕು ಅಂತ ಆಗಿನ ಗಂಡಸರಿಗೆ ಅನಿಸಿರಲಿಲ್ಲ. ಈ ಗೆಳೆಯರಿಗೆ ಅನಿಸಿತು. ಓದುಬರಹ ಬಾರದವರ ಬಾಯಿಂದ ಬಂದ ಮೂರು ಸಾಲಿನ ಪದವನ್ನು ಕವಿಗಳ ಪದದ ಸಾಲಿನಾಗ ಕೂಡಿಸಿದರು. ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದದ್ದು ನಾನು ಸಣ್ಣಾಂವ ಇದ್ದಾಗ. ಗಿರಣಿ ಬಂತು, ಬೀಸುಕಲ್ಲು ಹಿತ್ತಲಕ್ಕೆ ಹೋಯಿತು. ಕಲ್ಲು ನಿಂತ ಮೇಲೆ ಹಾಡು ತಾನಾಗಿ ನಿಂತಿತು. ಗಿರಣಿ ಊರೂರಿಗೆ ಬರೂಕಿಂತ ಮೊದಲೇ ಅವರು ಬರೆದಿಟ್ಟಿದ್ದರಿಂದ ಇಷ್ಟು ಉಳಿಯಿತು. ಈ ಋಣ ಮರೆತು ನಾನು ಒಂದಕ್ಷರವನ್ನೂ ಬರೆಯಲಾರೆ.

ಆದರೆ ನಾನು ಹಾಡುವವ. ಪುಸ್ತಕವನ್ನು ಕಣ್ಣಿನಿಂದ ಓದಿ ಸುಮ್ಮನಾಗಾಕ ಆಗಲಿಲ್ಲ. ಅಕ್ಕನ ಊರಿಗೆ ಹೋಗಿ ಅಕಿಯ ಮುಂದೆ ಕೂತು ಪುಟ ಪುಟ ಓದಿದೆ. ಅಕ್ಕ ಕೇಳಿದಳು, ತಲೆ ಹಾಕಿದಳು, ಕಡೆಗೆ, "ಮಾತು ಖರೇ ಅದಾವ. ಆದರ ಇದು ಹಂಗ ಬರೂದಿಲ್ಲೋ" ಅಂದಳು. ಹೆಂಗ ಬರತೈತಿ ಅಂತ ಕೇಳಿದರೆ ಹೇಳಾಕ ಬರವಲ್ಲದು. ಎದ್ದು ಹೋಗಿ ಹಿತ್ತಲ ಬೀಸುಕಲ್ಲಿನ ಮುಂದೆ ಕೂತಳು. ಖಾಲಿ ಕಲ್ಲು ತಿರುವತಾ ಹಾಡಿದಳು. ಆಗ ನನಗೆ ಮೂರು ಸಂಗತಿ ತಿಳಿದವು.

ಮೊದಲನೆಯದು ಅನುಕ್ರಮ. ಪುಸ್ತಕದಾಗ ಹಾಡುಗಳನ್ನು ವಿಷಯ ನೋಡಿ ಜೋಡಿಸಿದ್ದಾರೆ. ತವರಿನದು ಒಂದು ಕಡೆ, ಕೂಸಿನದು ಒಂದು ಕಡೆ, ಅಣ್ಣತಮ್ಮರದು ಒಂದು ಕಡೆ. ರಾಶಿ ಮಾಡಿ ಜ್ವಾಳ, ತೊಗರಿ, ಕಡ್ಲಿ ಬೇರೆ ಬೇರೆ ಚೀಲ ತುಂಬಿಟ್ಟಂಗ. ಓದುವವರಿಗೆ, ಶಾಲೆಯಾಗ ಕಲಿಸುವವರಿಗೆ ಇದು ಅನುಕೂಲ. ಆದರೆ ಅಕ್ಕ ಮೊದಲು ದೇವರನ್ನು ನೆನೆದಳು, ಅಲ್ಲಿಂದ ತವರಿಗೆ ಹೋದಳು, ತವರಿನಿಂದ ಅಣ್ಣನ ಹೆಂಡತಿಯ ಮೇಲೆ ಸಿಟ್ಟಿಗೆ, ಸಿಟ್ಟಿನಿಂದ ನಗಿಗೆ, ನಗಿಯಿಂದ ಸತ್ತ ಕೂಸಿನ ನೆನಪಿಗೆ. ಒಂದು ಪದ ಇನ್ನೊಂದನ್ನು ಎಳೆದು ತರತಿತ್ತು. ಅವತ್ತಿನ ಅಕಿಯ ಮನಸ್ಸೇ ಆ ಜೋಡಣೆ ಮಾಡಿತು. ಹೊಲದಾಗ ಇವು ಅಕ್ಕಡಿ ಸಾಲು. ಜ್ವಾಳದ ನಡುವೆ ತೊಗರಿ ಬೆಳೆದಂಗ ಬೆಳೆದವು.

ಎರಡನೆಯದು ಉಸಿರು. ಅಚ್ಚಿನಾಗ ಮೂರೇ ಸಾಲು ಕಾಣತಾವ. ಹಾಡುವಾಗ ಎರಡನೆಯ ಸಾಲಿನ ಮಾತು ಮತ್ತೆ ಹೊಳ್ಳಿ ಬರತೈತಿ, ಮೂರು ಸಾಲು ಹೆಚ್ಚೂ ಕಡಿಮೆ ನಾಕಾಗತಾವ. ಆ ಹೊಳ್ಳೂದು ಸುಮ್ಮನೆ ಅಲ್ಲ. ಎದುರಿಗೆ ಕೂತು ಗೂಟ ಹಿಡಿದಾಕಿ ಅಲ್ಲೇ ಕೈ ಕೊಟ್ಟು, ದನಿ ಕೊಡತಾಳ. ಹಿಡಿ ಜ್ವಾಳ ಹಾಕೂ ಹೊತ್ತಿಗೆ ಮೊದಲನೆಯಾಕಿಗೆ ಉಸಿರು ಸಿಗತೈತಿ. ನವಿ ಪೇಠದಾಗ ಕೇಳಿದ ಕ್ಯಾಸೆಟ್ಟಿನಾಗ ಈ ಉಸಿರೇ ಇರಲಿಲ್ಲ. ನಾಕೂ ಗಾಯಕರ ಕಂಠ ಬಂಗಾರದಂಥಾದ್ದು, ಒಪ್ಪತೀನಿ. ಆದರೆ ಕಲ್ಲು ಎಂದೂ ಅಷ್ಟು ಜೋರು ತಿರುಗೂದಿಲ್ಲ. ಪುಸ್ತಕದ ಮೇಲೆ ಈ ತಪ್ಪು ಹೊರಿಸಲಾರೆ, ಕಾಗದಕ್ಕೆ ದನಿ ಎಲ್ಲಿಂದ ಬರಬೇಕು? ಕ್ಯಾಸೆಟ್ಟಿಗೆ ದನಿ ಇತ್ತು, ಅದು ಅಕ್ಕನಂಥವರ ಹತ್ತಿರ ಒಮ್ಮೆ ಕೂತು ಕೇಳಬಹುದಿತ್ತು.

ಮೂರನೆಯದು ಹೆಸರು. ನನ್ನ ಗಂಟಲಾಗ ಸಿಕ್ಕದ್ದು ಇದೇ.

'ಜೀವನ ಸಂಗೀತ'ದ ಲಾವಣಿಗಳನ್ನೇ ನೋಡ್ರಿ. ಲಾವಣಿ ಕಟ್ಟುವ ಗಂಡಸು ಕಡೆಯ ನುಡಿಯಾಗ ತನ್ನ ಊರು, ತನ್ನ ಗುರು, ತನ್ನ ಹೆಸರು ಎಲ್ಲಾ ಕೂಡಿಸಿಯೇ ಮುಗಸತಾನ. ಹಲಸಂಗಿಯ ಖಾಜಾಭಾಯಿ ಲಾವಣಿ ಕಟ್ಟಿದ, ಅವನ ಹೆಸರು ಇಂದಿಗೂ ನಮಗೆ ಗೊತ್ತು. ನಮ್ಮ ಡೊಳ್ಳಿನ ಪದ, ಗೀಗೀ ಪದದಾಗೂ ಹಾಂಗೇ. ಹೆಣ್ಣುಮಕ್ಕಳ ಮೂರು ಸಾಲಿನಾಗ ಮಾತ್ರ ಹೆಸರಿಗೆ ಜಾಗ ಇಲ್ಲ. ಗಂಡನ ಹೆಸರು ಹೇಳಾಕ ಚೆಂದ ಚೆಂದದ ಒಡಪು ಕಟ್ಟುವ ನಮ್ಮವರು, ತಮ್ಮ ಹೆಸರಿಗೆ ಒಂದು ಒಡಪೂ ಕಟ್ಟಲಿಲ್ಲ. ಅವರು ಹೇಳಲಿಲ್ಲ, ಬರೆದುಕೊಂಡವರೂ ಹಾಡಿನ ಕೆಳಗೆ ಬರೆಯಲಿಲ್ಲ. ಸಂಗ್ರಹ ಮಾಡಿದವರ ಹೆಸರು ಉಳಿಯಿತು. ಹಾಡಿದವರಿಗೆಲ್ಲಾ ಕೂಡಿ 'ಗರತಿ' ಅಂತ ಒಂದೇ ಹೆಸರು ಆಯಿತು.

ಮೊನ್ನೆ ಮೊಮ್ಮಗ ಫೋನಿನಾಗ ಅಮೆರಿಕದ ನಾಕು ಮಂದಿ ಹಾಡುಗಾರರನ್ನು ತೋರಿಸಿದ. ಅಲ್ಲಿಯ ಹಳ್ಳಿಗಾಡಿನ ಧಾಟಿಯ ಹಾಡು ಹಾಡುವವರು: ಜಾನಿ ಕ್ಯಾಶ್, ವೇಲನ್ ಜೆನಿಂಗ್ಸ್, ವಿಲ್ಲೀ ನೆಲ್ಸನ್, ಕ್ರಿಸ್ ಕ್ರಿಸ್ಟೋಫರ್ಸನ್. ಒಬ್ಬೊಬ್ಬರೇ ದೊಡ್ಡ ಹೆಸರಾದ ಮೇಲೆ 1985ರಾಗ ನಾಕೂ ಮಂದಿ ಕೂಡಿ 'ಹೈವೇಮ್ಯಾನ್' ಅಂತ ಹಾಡಿದರು. ಆಮೇಲೆ ಅವರ ಆಯ್ದ ಹಾಡುಗಳ ಸಂಕಲನವೂ ಬಂತು. ಆ ಹಾಡಿಗೆ ನಾಕು ನುಡಿ. ಒಂದು ನುಡಿಯಾಗ ದಾರಿ ದರೋಡೆಕಾರ, ಒಂದರಾಗ ಹಡಗಿನವ, ಒಂದರಾಗ ಧರಣ ಕಟ್ಟುವ ಕೂಲಿ, ಕಡೆಯದರಾಗ ಆಕಾಶದ ಹಡಗು ನಡೆಸುವವ. ನಮ್ಮ ಭಜನಿಯಾಗ ಎತ್ತಿದಂಗ ಒಬ್ಬೊಬ್ಬರು ಒಂದೊಂದು ನುಡಿ ಎತ್ತತಾರ. ನನಗೆ ಮಾತು ತಿಳಿಯಲಿಲ್ಲ, ಮೊಮ್ಮಗ ಹೇಳಿದ. ಧರಣದ ಕೂಲಿಯ ನುಡಿ ಬಂದಾಗ ನಮ್ಮ ಉಜನಿ ನೆನಪಾಯಿತು. ಇದು ಇವರೇ ಬರೆದದ್ದೇನು ಅಂತ ಕೇಳಿದೆ. "ಇಲ್ಲ ಅಜ್ಜಾ, ಬರೆದವ ಜಿಮ್ಮಿ ವೆಬ್ ಅಂತ ಬ್ಯಾರೆದಾಂವ. ಇಲ್ಲಿ ಹೆಸರು ಐತಿ ನೋಡು" ಅಂದ. ಅಷ್ಟು ದೊಡ್ಡ ನಾಕು ಮಂದಿ ಹಾಡಿದರೂ ಐದನೆಯವನ ಹೆಸರು ಅಳಿಯಲಿಲ್ಲ.

ಇಷ್ಟು ಬರೆದ ಮೇಲೆ ನನ್ನ ಕತೆಯನ್ನೂ ಹೇಳಬೇಕು. ಮಂದಿಯ ತಪ್ಪು ಮಾತ್ರ ಎಣಿಸಿದರೆ ವಿಮರ್ಶೆ ಅರ್ಧ ಆಗತೈತಿ. ನಾನು ನಲವತ್ತು ವರ್ಷ ಹಾಡೀನಿ. ಜಾತ್ರಿ, ಲಗ್ನ, ಶಾಲೆಯ ಕಾರ್ಯಕ್ರಮ, ಎಲ್ಲಾ ಕಡೆ ಅವ್ವನ ಪದ ಹಾಡೀನಿ, ಚಪ್ಪಾಳೆ ತೊಗೊಂಡೀನಿ, ಶಾಲು ಹೊದ್ದೀನಿ. ಒಮ್ಮೆ ಜಾತ್ರಿಯಾಗ ಅವ್ವ ಮುಂದಿನ ಸಾಲಿನಾಗ ಕೂತಿದ್ದಳು. ಹಾಡು ಮುಗಿದ ಮೇಲೆ ಮೈಕು ಹಿಡಿದವರು, ಈ ಹಾಡು ಯಾರದ್ರಿ ಅಂತ ಕೇಳಿದರು. "ಜನಪದ ಗೀತೆ" ಅಂದೆ. ಕಲಿತವರ ಹಂಗ ಮಾತಾಡಬೇಕು ಅಂತ ಆಗಿನ ಹುಕಿ. ಮನೆಗೆ ಬಂದು ಉಣ್ಣಾಕ ಕೂತಾಗ ಅವ್ವ ರೊಟ್ಟಿ ಹಾಕತಾ ಕೇಳಿದಳು: "ಯಪ್ಪಾ, ಆ ಜನಪದ ಅಂದ್ರ ಯಾರೋ? ಯಾವೂರಾಕಿ?"

ನಾನು ನಕ್ಕೆ. ಅವ್ವನೂ ನಕ್ಕಳು. ಅಕಿ ಚೇಷ್ಟೆಗೆ ಕೇಳಿದಳೋ, ಖರೇನೇ ಕೇಳಿದಳೋ, ಅಂದು ವಿಚಾರ ಮಾಡಲಿಲ್ಲ. ಈಗ ಕೇಳೋಣ ಅಂದರೆ ಅವ್ವ ಇಲ್ಲ. ನವಿ ಪೇಠದ ಕ್ಯಾಸೆಟ್ಟಿನ ಮೇಲೆ ನನಗೆ ಯಾಕೆ ಅಷ್ಟು ಸಿಟ್ಟು ಬಂತು ಅಂದರೆ, ಆ ಡಬ್ಬಿಯ ಮೇಲೆ ನನ್ನದೇ ಮಾತು ಅಚ್ಚಾಗಿತ್ತು.

ಇದನ್ನ ಒಬ್ಬ ಗುರುಗಳ ಮುಂದೆ ಹೇಳಿದಾಗ ಅವರು ಒಂದು ಸರಿಯಾದ ಪ್ರಶ್ನೆ ಹಾಕಿದರು. "ನಿಮ್ಮವ್ವ ಕಟ್ಟಿದ ಹಾಡಲ್ಲ ಅದು. ಅವರವ್ವನಿಂದ ಬಂತು, ಅವರಿಗೆ ಅವರವ್ವನಿಂದ. ಯಾರ ಹೆಸರು ಹಾಕೂದು?" ಮಾತು ಖರೇ. ಜ್ವಾಳವನ್ನೂ ಯಾರೂ ಹುಟ್ಟಿಸಿಲ್ಲ. ಆದರೆ ಬೀಜ ಕಾಯ್ದಿಟ್ಟ ಮನೆಯ ಹೆಸರು ಊರಾಗ ಎಲ್ಲರಿಗೂ ಗೊತ್ತಿರತೈತಿ. ಬರಗಾಲದಾಗ ಅವರ ಮನೆಗೇ ಹೋಗಿ ಬೀಜ ಕೇಳತೀವಿ. ಕಟ್ಟಿದವರ ಹೆಸರು ಸಿಗದಿದ್ದರೆ ಬ್ಯಾಡ, ಕಾಯ್ದವರ ಹೆಸರು ಬೇಕು. ಹಾಡು ಎಲ್ಲರದು ಅನ್ನೂದು ದೊಡ್ಡ ಮಾತು. ಆದರೆ ಎಲ್ಲರದು ಅನ್ನುತ್ತಲೇ ಅದನ್ನ ಯಾರದೂ ಅಲ್ಲದ್ದು ಮಾಡಿಬಿಡತೀವಿ.

ಆದ್ದರಿಂದ ಹಲಸಂಗಿ ಗೆಳೆಯರ ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಅವರು ಹಾಡು ಉಳಿಸಿದರು. ಹಾಡಿದವರನ್ನು ಉಳಿಸೂ ಕೆಲಸ ನಮಗೆ ಬಿಟ್ಟುಹೋದರು. ಅವರ ಕೈಯಾಗ ಟಾಕು ಕಾಗದ ಮಾತ್ರ ಇತ್ತು. ನಮ್ಮ ಪ್ರತಿಯೊಬ್ಬರ ಕಿಸೆಯಾಗ ದನಿ ಹಿಡಿಯೂ ಫೋನು ಐತಿ. ಅವರ ಕಾಲಕ್ಕೆ ಹಾಡುವವರು ಮನಿಮನಿಗೆ ಇದ್ದರು. ನಮ್ಮ ಕಾಲಕ್ಕೆ ಬೀಸುಕಲ್ಲಿನ ಮುಂದೆ ಕೂತು ಹಾಡಿದವರು ಊರಿಗೆ ಇಬ್ಬರು ಮೂವರು ಉಳಿದಾರ. ನಮ್ಮ ಅಕ್ಕನಿಗೆ ಈಗ ಎಪ್ಪತ್ನಾಲ್ಕು.

ಈ ಮಾತು ಬರೀ ಬರೆಯೂದಕ್ಕೆ ಆಗಬಾರದು ಅಂತ ವಾಚನಾಲಯಕ್ಕೆ ನಾನು ಒಂದು ದಪ್ಪ ವಹಿ ಕೊಟ್ಟೀನಿ. ಗುರುಗಳು ಗೆರೆ ಹೊಡೆದು ನಾಕು ಮನೆ ಮಾಡಿಕೊಟ್ಟಾರ. ಒಂದರಾಗ ಹಾಡು, ಒಂದರಾಗ ಹಾಡಿದವರ ಹೆಸರು, ಒಂದರಾಗ ಅವರು ಯಾರಿಂದ ಕಲಿತರು ಅನ್ನೂದು, ಕಡೆಯದರಾಗ ಯಾವ ದಗದ ಮಾಡುವಾಗ ಹಾಡತಿದ್ದರು ಅನ್ನೂದು. ಹಾಡನ್ನು ವಿಷಯ ನೋಡಿ ಜೋಡಿಸಬ್ಯಾಡ್ರಿ, ಅವರು ಹಾಡಿದ ಅನುಕ್ರಮದಾಗೇ ಬರೀರಿ. ಮರಾಠಿ ಶಾಲೆಗೆ ಹೋಗುವ ಮಕ್ಕಳೂ ಬರೀಲಿ, ತಪ್ಪಾದರೆ ಅಜ್ಜಿಯೇ ತಿದ್ದತಾಳ. ಅಷ್ಟರ ಮಟ್ಟಿಗೆ ಕನ್ನಡ ಕಲಿತಂಗೂ ಆಗತೈತಿ.

ಮೊದಲನೆಯ ಪುಟ ಅಕ್ಕನದು. ಎರಡನೆಯ ಮನೆಯಾಗ ಅಕಿಯ ಹೆಸರು, ಮೂರನೆಯದರಾಗ ನಮ್ಮವ್ವನ ಹೆಸರು ಬರೆದೀವಿ. ಈ ಲೇಖನದಾಗೂ ಅವ್ವನ ಹೆಸರು ಹಾಕತೀನಿ ಅಂದರೆ ಅಕ್ಕ ಬ್ಯಾಡ ಅಂದಳು: "ಹೆಸರು ಹಾಡಿನ ಬಾಜೂಕ ಇರಲಿ, ನಿನ್ನ ಮಾತಿನ ಬಾಜೂಕ ಯಾಕ?" ಅಕಿಯ ಮಾತು ಮೀರಲಿಲ್ಲ. ಹೆಸರು ತಿಳೀಬೇಕು ಅಂದವರು ವಾಚನಾಲಯಕ್ಕೆ ಬರ್ರಿ, ವಹಿ ಮೇಜಿನ ಮೇಲೆ ಐತಿ. ಬರುವಾಗ ನಿಮ್ಮವ್ವನ ಒಂದು ಪದ ನೆನಪು ಮಾಡಿಕೊಂಡು ಬರ್ರಿ.