ಅಯ್ಯೋ ಪಾಪ ಅನ್ನುವವರಿಗೊಂದು ಕೈಪಿಡಿ

ನಾಟಕ ಮುಗಿದ ಮೇಲೆ ಸಂವಾದ ಇಡುವ ಶಿಕ್ಷೆಯನ್ನು ಯಾವ ಪುಣ್ಯಾತ್ಮರು ಕಂಡುಹಿಡಿದರೋ. ಒಬ್ಬ ಹೆಣ್ಣುಮಗಳು ತನ್ನ ಬದುಕನ್ನು ತಾನೇ ಆಡಿ ತೋರಿಸಿ ನಿಂತಿದ್ದಾಳೆ, ಕುತ್ತಿಗೆಯ ಬೆವರು ಇನ್ನೂ ಆರಿಲ್ಲ. ಮುಂದಿನ ಸಾಲಿನ ಮಹನೀಯರು ಮೈಕು ಇಸಿದುಕೊಂಡು "ಮೇಡಂ, ಕರುಳು ಕಿತ್ತು ಬಂತು" ಎಂದು ಶುರುಮಾಡಿ, ಎರಡನೇ ಮಾತಿಗೇ ಲಿಂಗ ಬದಲಾವಣೆಯ ಆಪರೇಷನ್ನಿನ ವಿಚಾರಕ್ಕೆ ಇಳಿಯುತ್ತಾರೆ. ಅಭಿನಯದ ಬಗ್ಗೆ ಒಂದು ಸೊಲ್ಲಿಲ್ಲ. ಯಕ್ಷಗಾನದ ಸ್ತ್ರೀವೇಷಧಾರಿಯನ್ನು ಚೌಕಿಯಲ್ಲಿ ತಡೆದು ಇಂಥ ಪ್ರಶ್ನೆ ಕೇಳುವ ಧೈರ್ಯ ಇವರಿಗಿದೆಯೇ?

ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಕಥೆಯನ್ನು ತಾವೇ ರಂಗಕ್ಕೆ ತರುವ ಪ್ರಯೋಗಗಳನ್ನು ನೋಡಲು ಹೊರಟವರಿಗೆ ನಾಲ್ಕು ಮಾತು ಹೇಳಬೇಕಿದೆ. ನಮ್ಮ ಸೀಮೆಯಲ್ಲಿ ಟ್ರಾನ್ಸ್ ಲೇಖಕಿ ಎ. ರೇವತಿಯವರಿಂದಲೇ ಶುರುಮಾಡಬೇಕು. ನಾಮಕ್ಕಲ್ ಕಡೆಯ ಹಳ್ಳಿಯಿಂದ ದೆಹಲಿ, ಮುಂಬೈ ಸುತ್ತಿ ಬೆಂಗಳೂರಿಗೆ ಬಂದು ಹಿಜ್ರಾಗಳು ನಡೆಸುವ ಸ್ನಾನಗೃಹವಾದ ಹಮಾಮಿನಲ್ಲಿ ಬಾಳಿದವರು, ಆಮೇಲೆ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಸಂಗಮ ಸಂಸ್ಥೆಯಲ್ಲಿ ದುಡಿದವರು. ಅವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು, ಬೆನ್ನಿಗೇ ತಮಿಳಿನಲ್ಲಿ. ದು. ಸರಸ್ವತಿಯವರು ಅದನ್ನು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಎಂ. ಗಣೇಶ್ ನಿರ್ದೇಶನದಲ್ಲಿ ಅದನ್ನು ನಾಟಕ ಮಾಡಿ ಊರೂರಿಗೆ ಒಯ್ದಿತು. ರೇವತಿಯವರು ತಮ್ಮ ಕಥೆಯನ್ನು ಎ. ಮಂಗೈ ನಿರ್ದೇಶನದಲ್ಲಿ 'ವೆಳ್ಳೈ ಮೊಳಿ' ಎಂದು ತಮಿಳಿನಲ್ಲಿ ಒಬ್ಬರೇ ಆಡಿದರು. ಬೆಂಗಳೂರಿನ ಪಯಣ ಸಂಸ್ಥೆಯ 'ತಲ್ಕಿ'ಯಲ್ಲಿ ವಯಸ್ಸಾದ ಟ್ರಾನ್ಸ್ ಮಹಿಳೆಯರು ತಂತಮ್ಮ ಕಥೆ ಹೇಳಿಕೊಂಡರು. ಇಷ್ಟು ತಿಳಿದಿದ್ದರೆ ಸಾಕು, ಉಳಿದದ್ದನ್ನು ನೋಡುತ್ತ ಕಲಿಯಬಹುದು.

ಮೊದಲು ಕಲಿಯಬೇಕಾದದ್ದು ಚಪ್ಪಾಳೆ. ನಿಮ್ಮದಲ್ಲ ಸ್ವಾಮಿ, ಹಿಜ್ರಾಗಳದು. ನೀವು ತಟ್ಟುವಾಗ ಬೆರಳುಗಳು ಕೂಡಿರುತ್ತವೆ, ಅಂಗೈ ಕುಳಿಬಿದ್ದಿರುತ್ತದೆ, ಸದ್ದು ಸಭ್ಯವಾಗಿ ಹೊರಬರುತ್ತದೆ. ಅವರು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಂಡು, ಬೆರಳು ಅಗಲಿಸಿ, ಚಪ್ಪಟೆ ಅಂಗೈಯ ಮೇಲೆ ಇನ್ನೊಂದನ್ನು ಅಡ್ಡಡ್ಡ ಬಡಿಯುತ್ತಾರೆ. ಒಂದೇ ಏಟು, ಸಂತೆಯ ಗದ್ದಲವನ್ನೆಲ್ಲ ಸೀಳಿಕೊಂಡು ಬರುತ್ತದೆ. ಸಿಗ್ನಲ್ಲಿನಲ್ಲಿ ಆ ಸದ್ದು ಕೇಳಿದರೆ ನೀವು ಕಾರಿನ ಗಾಜು ಏರಿಸುತ್ತೀರಿ. ರಂಗಮಂದಿರದಲ್ಲಿ ಏರಿಸಲು ಗಾಜಿಲ್ಲ.

ಅದು ಮಾತಿನ ಯಾವ ಜಾಗದಲ್ಲಿ ಬೀಳುತ್ತದೆ ಎಂದು ಕಿವಿಗೊಟ್ಟು ಕೇಳಿ. ಮಾತಿಗೆ ಮುಂಚೆ ಬಿದ್ದರೆ ಅದು ಸವಾಲು. ಮಾತಿನ ಕೊನೆಗೆ ಬಿದ್ದರೆ ಜಗಳ ಮುಗಿಯಿತು, ಇನ್ನು ನಿನ್ನದೇನೂ ನಡೆಯದು ಎಂದರ್ಥ. ಹಾಡಿನ ನಡುವೆ ಬಿದ್ದರೆ ಬರೀ ತಾಳ. ನಾನು ಕಂಡ ಒಂದು ಪ್ರಯೋಗದಲ್ಲಿ ಕಲಾವಿದೆ ಚಪ್ಪಾಳೆ ಕಲಿಯುವ ಪ್ರಸಂಗವನ್ನೇ ಬೆಳೆಸಿದ್ದಳು. ಗುರುವೂ ಅವಳೇ, ಚೇಲಾ ಕೂಡ ಅವಳೇ. ಚೇಲಾಳ ಕೈಯಿಂದ ಶಾಲೆಯ ಬಹುಮಾನ ವಿತರಣೆಯ ಚಪ್ಪಾಳೆ ಹೊರಡುತ್ತದೆ. ಗುರು ಬೈಯುತ್ತಾಳೆ, ಮಣಿಕಟ್ಟು ಹಿಡಿದು ತಿರುಗಿಸುತ್ತಾಳೆ. ಮತ್ತೆ ಮೆತ್ತಗಿನ ಸದ್ದು, ಮತ್ತೆ ಬೈಗುಳ. ಕೊನೆಗೊಮ್ಮೆ ಸರಿಯಾದ ಏಟು ಸಿಡಿದಾಗ ಚೇಲಾ ತಾನೇ ಬೆಚ್ಚಿ ಹಿಂದೆ ಸರಿಯುತ್ತಾಳೆ. ಸಭೆ ಗೊಳ್ಳೆಂದು ನಕ್ಕಿತು. ಮುಂದೆ ಅದೇ ಕೈ ಆಸ್ಪತ್ರೆಯ ಪ್ರಸಂಗದಲ್ಲಿ ಬಂತು. ಗೆಳತಿ ಮಂಚದ ಮೇಲಿದ್ದಾಳೆ, ಕರೆದರೂ ಯಾರೂ ಹತ್ತಿರ ಬರುತ್ತಿಲ್ಲ. ಇವಳು ಕೈ ಎತ್ತಿದಳು, ಬೆರಳು ಅಗಲಿಸಿದಳು, ಅಂಗೈ ಕೂಡುವ ಮೊದಲೇ ಇಳಿಸಿಬಿಟ್ಟಳು. ನನ್ನ ಪಕ್ಕದವರು ಆ ಹೊತ್ತಿನಲ್ಲಿ ಕರ್ಚೀಫು ಹುಡುಕುತ್ತಿದ್ದರು. ಅಳುವ ಆತುರದಲ್ಲಿ ಇಡೀ ರಾತ್ರಿಯ ಅತ್ಯುತ್ತಮ ಅಭಿನಯವನ್ನೇ ಕಳೆದುಕೊಂಡರು.

ಆಮೇಲೆ ನಗು. ಟೀವಿಯ ಕಾಮಿಡಿ ಶೋಗಳಲ್ಲಿ ಗಂಡಸರು ಸೀರೆ ಸುತ್ತಿಕೊಂಡು ಸೊಂಟ ಕುಲುಕಿಸಿದರೆ ಹೊಟ್ಟೆ ಹಿಡಿದು ನಗುವವರೇ, ಇಲ್ಲಿ ನಿಜವಾದ ವಿನೋದ ಬಂದಾಗ ತುಟಿ ಬಿಗಿದು ಕೂರುತ್ತಾರೆ, ಸಾವಿನ ಮನೆಗೆ ಬಂದವರ ಹಾಗೆ. ಕಲಾವಿದೆ ಪೊಲೀಸಪ್ಪನನ್ನು ಅಣಕಿಸುತ್ತಿದ್ದಾಳೆ, ತನ್ನ ಮೊದಲ ರವಿಕೆಯ ಪಾಡನ್ನು ಹೇಳುತ್ತಿದ್ದಾಳೆ. ನಗಿ. ನಗದಿದ್ದರೆ ಅವಳ ಲಯ ತಪ್ಪುತ್ತದೆ.

ಹೀಗೆ ನಗುತ್ತ ಕೇಳುವುದನ್ನು ನನಗೆ ಕಲಿಸಿದ್ದು ಯಾವ ರಂಗಶಿಬಿರವೂ ಅಲ್ಲ. ಹೊಸಪೇಟೆ ಕಡೆಯ ಜಾತ್ರೆಯೊಂದರಲ್ಲಿ ಹುಡುಗನಾಗಿದ್ದಾಗ, ಎಲ್ಲಮ್ಮ ದೇವಿಗೆ ಮುತ್ತು ಕಟ್ಟಿಸಿಕೊಂಡ ಟ್ರಾನ್ಸ್ ಮಹಿಳೆಯರಾದ ಜೋಗತಿಯರ ಎಲ್ಲಮ್ಮನಾಟ ನೋಡಿದ್ದೆ. ತಾಯಿ ರೇಣುಕೆಯ, ಅಂದರೆ ಎಲ್ಲಮ್ಮನ, ತಲೆ ಕಡಿ ಎಂದ ಜಮದಗ್ನಿಯ ಮಾತು ಮೀರಿದ ಮಕ್ಕಳು ಗಂಡಸ್ತನ ಕಳೆದುಕೊಂಡರು ಎಂಬಲ್ಲಿಗೆ ಕಥೆ ಬಂದಿತ್ತು. ಚೌಡಿಕೆ ಹಿಡಿದಿದ್ದ ಹಿರಿಯ ಜೋಗತಿ ತಂತಿ ಮೀಟುವುದನ್ನು ನಿಲ್ಲಿಸಿ, ರಾಗವನ್ನು ಹಾಗೇ ಬಿಟ್ಟು, ತನ್ನ ಅಪ್ಪ ತನ್ನನ್ನು ಮನೆಯಿಂದ ಅಟ್ಟಿದ ಕಥೆಗೆ ಜಾರಿದಳು. ಪುರಾಣ ಎಲ್ಲಿ ಮುಗಿಯಿತು, ಅವಳ ಪಾಡು ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗಲಿಲ್ಲ. ಕಂಬಳಿ ಹೊದ್ದು ಕೂತಿದ್ದ ಮುದುಕಿಯೊಬ್ಬಳು "ನಿಮ್ಮಪ್ಪಗ ಬುದ್ಧಿ ಇದ್ದಿಲ್ಲೇನವ್ವಾ" ಎಂದು ಕೂಗಿದಳು. ಜೋಗತಿ ಥಟ್ಟನೆ, "ಬುದ್ಧಿ ಇತ್ತು, ದೇವಿ ಇದ್ದಿಲ್ಲ" ಎಂದಳು. ಜನ ನಕ್ಕರು, ಚೌಡಿಕೆ ಮತ್ತೆ ಮಿಡಿಯಿತು, ರೇಣುಕೆ ಬಂದಳು. ಆತ್ಮಕಥನವನ್ನು ರಂಗದ ಮೇಲೆ ಹೇಗೆ ಹೇಳಬೇಕು, ಹೇಗೆ ಕೇಳಬೇಕು ಎರಡೂ ಅಲ್ಲಿತ್ತು.

ಅದೇ ಪರಂಪರೆಯ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಆ ತುಣುಕನ್ನು ವಾಟ್ಸಾಪಿನಲ್ಲಿ ಹಂಚಿ ಕೃತಾರ್ಥರಾದವರಲ್ಲಿ ಎಷ್ಟು ಮಂದಿ ಅವರು ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕೂತು ನೋಡಿದ್ದಾರೆ?

ಭಕ್ತಿಯ ವಿಚಾರಕ್ಕೆ ಬಂದರೆ ನಮ್ಮ ಪ್ರಗತಿಪರ ಪ್ರೇಕ್ಷಕರದು ಬೇರೆ ಕಾಯಿಲೆ. ದೇವಿ ರಂಗಕ್ಕೆ ಬಂದ ಕೂಡಲೇ ಮುಖ ಸಿಂಡರಿಸುತ್ತಾರೆ. ಮುತ್ತು ಕಟ್ಟಿ ದೇವಿಗೆ ಬಿಡುವ ಪದ್ಧತಿಯಲ್ಲಿ ಏನೆಲ್ಲ ಅನ್ಯಾಯ ನಡೆದಿದೆ ಎಂದು ಜೋಗತಿಯರಿಗೆ ನೀವು ಹೇಳಿಕೊಡಬೇಕಾಗಿಲ್ಲ. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿದೆ. ಆದರೆ ಸೀರೆ ಉಟ್ಟದ್ದಕ್ಕೆ ಮನೆಯವರು ಹೊರಹಾಕಿದ ಹುಡುಗನಿಗೆ, ಆ ಸೀರೆಯನ್ನೇ ಪ್ರಸಾದ ಎಂದು ಉಡಿಸಿದವಳು ಎಲ್ಲಮ್ಮ. ರೇವತಿಯವರ ಕಥೆಯಲ್ಲೂ ಅಷ್ಟೆ: ಮೊದಲು ಊರಿನ ಮಾರಿಯಮ್ಮನ ಹಬ್ಬದಲ್ಲಿ ಕಟ್ಟಿದ ಹೆಣ್ಣುವೇಷ, ಆಮೇಲೆ ನಿರ್ವಾಣವಾದ, ಅಂದರೆ ಆಪರೇಷನ್ ಆದ, ನಲವತ್ತನೇ ದಿನ ಹಿಜ್ರಾ ಸಮುದಾಯದ ದೇವಿ ಪೋತಿರಾಜ ಮಾತೆಯ ಪೂಜೆ. ಬೈಯುವ ದೇವಿಯೂ ಅವಳೇ, ಮಡಿಲಿಗೆ ಹಾಕಿಕೊಳ್ಳುವ ದೇವಿಯೂ ಅವಳೇ. ಕಲಾವಿದೆ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯುತ್ತಾಳೆ. ನೀವು ಒಂದನ್ನು ಆರಿಸಿಕೊಳ್ಳಲು ಅವಸರಪಡಬೇಡಿ.

ಇನ್ನು ರೋಗ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ ಚೆನ್ನೈನಲ್ಲಿ, ಲೈಂಗಿಕ ವೃತ್ತಿಯ ಹೆಂಗಸರಲ್ಲಿ. ಸರ್ಕಾರ ಅದನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ತೊಡಗಿದ್ದು 2004ರಲ್ಲಿ. ನಡುವಿನ ವರ್ಷಗಳಲ್ಲಿ ಟ್ರಾನ್ಸ್ ಸಮುದಾಯದ ಕಥೆ ಕೇಳಲು ಬಂದವರಲ್ಲಿ ಹೆಚ್ಚಿನವರು ಸರ್ವೆ ಫಾರಂ ಹಿಡಿದೇ ಬಂದರು. ಕಾಂಡೋಮ್ ಲೆಕ್ಕ ಕೇಳಿದರು, ಕನಸಿನ ಲೆಕ್ಕ ಕೇಳಲಿಲ್ಲ. ವರ್ಕ್‌ಶಾಪುಗಳಲ್ಲಿ ನಿಂತು ಕಥೆ ಹೇಳಿ ಹೇಳಿ ಅದಕ್ಕೊಂದು ಅಚ್ಚು ಬಿತ್ತು: ಬಾಲ್ಯ, ಹೊಡೆತ, ಊರು ಬಿಟ್ಟದ್ದು, ರೋಗ, ಜಾಗೃತಿ, ಧನ್ಯವಾದ. ಪ್ರಯೋಗ ನೋಡುವಾಗ ಈ ಅಚ್ಚು ಎಲ್ಲಿ ಒಡೆಯುತ್ತದೆ ಎಂದು ಗಮನಿಸಿ. ಒಡೆಯದಿದ್ದರೆ ಅದು ಬ್ಯಾನರ್ ಕಟ್ಟದ ಜಾಗೃತಿ ಕಾರ್ಯಕ್ರಮ, ಎದ್ದು ಬಂದರೂ ಪಾಪವಿಲ್ಲ. ಒಳ್ಳೆಯ ಕಲಾವಿದೆ ರೋಗದ ಹೆಸರನ್ನೇ ಎತ್ತದೆ, ಹಬ್ಬಕ್ಕೆ ಬಾರದ ಗೆಳತಿಯರ ಹೆಸರು ಹೇಳುತ್ತ ಹೋಗುತ್ತಾಳೆ. ಅಂದಹಾಗೆ, 2020ರಲ್ಲಿ ಹೈದರಾಬಾದಿನಲ್ಲಿ ಹಿಜ್ರಾಗಳ ಜೊತೆ ಮಾತಾಡಿದರೆ ಕೊರೊನಾ ಬರುತ್ತದೆ ಎಂದು ಭಿತ್ತಿಪತ್ರ ಅಂಟಿಸಿದ್ದರು. ಹೊಸ ರೋಗಕ್ಕೂ ನಮ್ಮ ಜನ ಹಳೆಯ ವಿಳಾಸವನ್ನೇ ಬರೆದರು.

ಬೆಳಕು, ರಂಗಸಜ್ಜಿಕೆಯ ಬಗ್ಗೆ ಹೇಳುವಂಥದ್ದಿಲ್ಲ. ಒಂದು ಟ್ರಂಕು, ಒಂದು ಕನ್ನಡಿ ಇದ್ದರೆ ಧಾರಾಳವಾಯಿತು. ನಟನೆಯ ಬಗ್ಗೆ ಇದೆ. ಹೆಸರಾಂತ ನಟರೊಬ್ಬರು ತಿಂಗಳುಗಟ್ಟಲೆ 'ಅಧ್ಯಯನ' ಮಾಡಿ ಟ್ರಾನ್ಸ್ ಮಹಿಳೆಯ ಪಾತ್ರ ಮಾಡಿದರೆ ಪತ್ರಿಕೆಗಳು ಪರಕಾಯ ಪ್ರವೇಶ ಎಂದು ಕೊಂಡಾಡುತ್ತವೆ. ಸ್ವಂತ ಕಾಯದಲ್ಲೇ ನಿಂತು, ಹದಿನೈದರ ತನ್ನನ್ನೂ ತನ್ನನ್ನು ಹೊಡೆದ ಅಣ್ಣನನ್ನೂ ಆಡುವುದು ಅದಕ್ಕಿಂತ ನೂರು ಪಾಲು ಕಷ್ಟ. ಅಣ್ಣನ ಪಾತ್ರಕ್ಕೆ ಬಂದಾಗ ಅವಳ ಭುಜ ನೋಡಿ. ಅಲ್ಲಿ ದ್ವೇಷವಷ್ಟೇ ಕಂಡರೆ ನಟನೆ ಇನ್ನೂ ಮಾಗಿಲ್ಲ ಎಂದು ತಿಳಿಯಿರಿ.

ಪ್ರವೇಶ ಉಚಿತ ಎಂದು ಬರೆದಿದ್ದರೂ ಬಾಗಿಲಲ್ಲಿ ದುಡ್ಡು ಕೊಟ್ಟು ಒಳಗೆ ಹೋಗಿ. ಕಲೆಗೆ ಕೊಡುವ ಸಂಭಾವನೆ ಅದು. ಸಂವಾದದಲ್ಲಿ ಮೈಕು ಕೈಗೆ ಬಂದರೆ ಆಪರೇಷನ್ ಬಿಡಿ, ಆ ಚಪ್ಪಾಳೆಯನ್ನು ಯಾರು ಕಲಿಸಿದರು ಎಂದು ಕೇಳಿ.