ಗುಂಪಿನಲ್ಲಿ ಗೋವಿಂದನಾಗದ ಜನ

ಊರಿನಿಂದ ಬಂದ ನೆಂಟರನ್ನು ಗೇಟ್‌ವೇಗೆ ಕರೆದೊಯ್ಯುವುದು ನಾವು ಮುಂಬಯಿ ಕನ್ನಡಿಗರಿಗೆ ತಪ್ಪದ ಕೆಲಸ. ಕಳೆದ ಸಲ ಗದಗಿನಿಂದ ಬಂದ ನನ್ನ ಸೋದರಮಾವ ಬಿಸಿಲಿಗೆ ದಣಿದು, “ಎಲ್ಲ್ಯಾರ ಒಂದೀಟು ಕೂಡೂಣು” ಎಂದಾಗ, ರೀಗಲ್ ಚಿತ್ರಮಂದಿರದ ಹತ್ತಿರದ ಕೆಫೆ ಮೋಂಡೆಗಾರ್‌ಗೆ ಕರೆದುಕೊಂಡು ಹೋದೆ. ಪಕ್ಕದ ಮೇಜಿನ ಬಿಯರ್ ಗ್ಲಾಸುಗಳನ್ನು ಕಂಡು ಮಾವ ಮೊದಲು ನನ್ನ ಮುಖ ನೋಡಿದರು. ಆಮೇಲೆ ಗೋಡೆ ನೋಡಿದರು. ಅಷ್ಟೇ, ತರಿಸಿದ ಕಾಫಿ ಆರಿಹೋಯಿತು. “ಅಲ್ಲೋ, ಇಷ್ಟು ಮಂದ್ಯಾಗ ಒಬ್ಬನೂ ಸುಮ್ಮನ ಕೂತಿಲ್ಲಲ್ಲ!” ಎಂದರು.

ಆ ಗೋಡೆಗಳ ಮೇಲಿರುವುದು ಮಾರಿಯೋ ಮಿರಾಂಡಾ ಅವರ ಚಿತ್ರಗಳು. ನಾನು ಚಿತ್ರಕಲೆ ಕಲಿತವನಲ್ಲ; ವಿಜ್ಞಾನದ ಪದವಿ ಪಡೆದು ಕೇಂದ್ರ ಸರ್ಕಾರದ ಕಡತ ಹೊರುವ ಗುಮಾಸ್ತ. ಆದರೂ ಮಾವನ ಆ ಮಾತಿಗಿಂತ ಒಳ್ಳೆಯ ವಿಮರ್ಶೆ ಇರಲಾರದು ಎಂದು ಅನ್ನಿಸಿದ್ದರಿಂದ ಈ ನಾಲ್ಕು ಮಾತು.

1926ರಲ್ಲಿ ದಮನ್‌ನಲ್ಲಿ ಹುಟ್ಟಿ ಗೋವೆಯ ಲೊಟಲಿಯಲ್ಲಿ ಬೆಳೆದ ಮಾರಿಯೋ, ಶಾಲೆ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ. ಮುಂಬಯಿಯ ಸೇಂಟ್ ಜೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸ ಓದುವಾಗ ಐ.ಎ.ಎಸ್. ಕಡೆಗೂ ಕಣ್ಣಿತ್ತಂತೆ. ಸದ್ಯ, ಆಗಲಿಲ್ಲ! ಆಗಿದ್ದರೆ ಆ ಗೆರೆಗಳೆಲ್ಲ ನಮ್ಮ ಟಿಪ್ಪಣಿಗಳ ಅಂಚಿನಲ್ಲೇ ಮುಗಿಯುತ್ತಿದ್ದವು. ಮುಂದೆ ‘ಇಲ್ಲಸ್ಟ್ರೇಟೆಡ್ ವೀಕ್ಲಿ’, ‘ಎಕನಾಮಿಕ್ ಟೈಮ್ಸ್’ಗಳ ಮೂಲಕ ಅವರು ಮನೆಮಾತಾದರು. 2011ರ ಡಿಸೆಂಬರಿನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

ವ್ಯಂಗ್ಯಚಿತ್ರ ಎಂದೊಡನೆ ನಮಗೆ ನೆನಪಾಗುವವರು ಮೈಸೂರಿನ ಆರ್. ಕೆ. ಲಕ್ಷ್ಮಣ್. ‘ಕೊರವಂಜಿ’ಯಲ್ಲಿ ಬರೆದ ಕೈ ಅದು, ಅಭಿಮಾನ ಸಹಜ. ಆದರೆ ಲಕ್ಷ್ಮಣರ ಶ್ರೀಸಾಮಾನ್ಯ ಒಬ್ಬನೇ, ಎಲ್ಲರ ಪರವಾಗಿ ಮೌನವಾಗಿ ನಿಂತವನು. ಮಾರಿಯೋಗೆ ಪ್ರತಿನಿಧಿ ಬೇಡ, ಮಂದಿಯೇ ಬೇಕು. ಮೀನು ಮಾರುವವಳು, ಪಾದ್ರಿ, ಕೋಟು ತೊಟ್ಟ ಸಾಹೇಬ, ಬಾಲ್ಕನಿಯಿಂದ ಬಗ್ಗಿದ ಮುದುಕಿ, ಕಾಲಡಿ ಒಂದು ನಾಯಿ, ಮೇಲೊಂದು ಕಾಗೆ. ಹಿಂದಿನ ಸಾಲಿನವರೆಂದು ಬರಿಯ ಚುಕ್ಕೆ ಇಟ್ಟು ಮುಗಿಸುವ ಸೋಮಾರಿತನ ಅವರಲ್ಲಿಲ್ಲ. ಅವರಿಗೂ ಮೂಗಿದೆ, ಅವಸರವಿದೆ, ಒಂದು ಗುಟ್ಟಿದೆ. ಈ ಊರಿಗೆ ಬಂದ ಹೊಸತರಲ್ಲಿ ಲೋಕಲ್ ಗಾಡಿಯಲ್ಲಿ ಒತ್ತಿಸಿಕೊಂಡು ನಿಂತು, ‘ನಾನು ಇಳಿಯದೇ ಹೋದರೂ ಇಲ್ಲಿ ಯಾರಿಗೂ ಗೊತ್ತಾಗದು’ ಎಂದುಕೊಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಅಂಥವರನ್ನು ಒಬ್ಬ ಕಲಾವಿದ ಒಬ್ಬೊಬ್ಬರನ್ನಾಗಿ ಎಣಿಸಿದ್ದಾನೆ ಎಂಬುದು ನನಗೆ ಸಣ್ಣ ಸಂಗತಿಯಲ್ಲ.

ಹಾಗೆಂದು ಎಲ್ಲವನ್ನೂ ಮೆಚ್ಚಲಾರೆ. ಅವರ ಮಂತ್ರಿ ಬಂಡಲ್‌ದಾಸ್, ಸಿನಿಮಾ ತಾರೆ ನಿಂಬೂಪಾನಿ ಇಂದಿಗೂ ನಗಿಸುತ್ತಾರೆ. ಆದರೆ ಚುಕ್ಕೆ ಚುಕ್ಕೆಯ ಉಡುಪಿನ ಸೆಕ್ರೆಟರಿ ಮಿಸ್ ಫೋನ್ಸೆಕಾಳ ಚಿತ್ರಗಳನ್ನು ನಮ್ಮ ಕಚೇರಿಯ ಹಿರಿಯ ಸ್ಟೆನೋ ಬಾಯಿಯವರಿಗೆ ತೋರಿಸಿದಾಗ ಅವರು ಮೊದಲು ನಕ್ಕರು, ಪುಟ ಮುಚ್ಚುತ್ತ, “ಎಲ್ಲರೂ ಇವಳನ್ನು ನೋಡುತ್ತಾರೆ, ಸರಿ. ಕೆಲಸ ಮಾಡುವವರು ಯಾರು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ಅಧಿಕಾರಿಗಳ ತಪ್ಪು ತಿದ್ದಿ ಸೆಕ್ಷನ್ ನಡೆಸಿದವರು ಅವರು. ಬೀದಿಯ ಮೀನುಗಾರ್ತಿಗೆ ದೊರೆತ ನ್ಯಾಯ ಕಚೇರಿಯ ಹೆಂಗಸಿಗೆ ದೊರೆಯಲಿಲ್ಲ. ಆ ಕಾಲದ ಹಾಸ್ಯವೇ ಹಾಗೆ ಎನ್ನಬಹುದು. ಆದರೆ ಕಾಗೆಯನ್ನೂ ಬಿಡದೆ ನೋಡಿದ ಕಣ್ಣಿನಿಂದ ನಾವು ಹೆಚ್ಚು ಬಯಸುವುದು ತಪ್ಪೇ?

ಅಂದು ಸಂಜೆ ಡೊಂಬಿವಿಲಿ ಗಾಡಿಯಲ್ಲಿ ಹೇಗೋ ಮಾವನಿಗೆ ಕೂಡಲು ಜಾಗ ಸಿಕ್ಕಿತು. ದಾದರ್ ದಾಟಿದ ಮೇಲೆ ಅವರು ನನ್ನ ಅಂಗಿ ಜಗ್ಗಿದರು. ಬಾಗಿಲ ಹತ್ತಿರ ಒಬ್ಬಾತ ಚೀಲವನ್ನು ಎದೆಗವಚಿಕೊಂಡು ನಿಂತಲ್ಲೇ ನಿದ್ದೆ ಹೋಗಿದ್ದ. “ಇಂವನ್ನ ಆ ಗ್ವಾಡಿ ಮ್ಯಾಲ ನೋಡಿದಂಗಾತಲ್ಲೋ!” ಎಂದರು.